ದ್ರಾಕ್ಷಿಯ ಸಿಪ್ಪೆಯೂ ಬೀಜವೂ

ದ್ರಾಕ್ಷಿಗೆ ಸಂಸ್ಕೃತದಲ್ಲಿ ಮೃದ್ವೀಕಾ ಎಂದೂ ಗೋಸ್ತನೀ ಎಂದೂ ಹೆಸರುಗಳುಂಟು. ಒಂದು ಹಣ್ಣಿನ ಮೃದುತ್ವವನ್ನೂ ಮತ್ತೊಂದು ಅದರ ಆಕೃತಿಯನ್ನೂ ಹೇಳುವುವು, ಸಿಪ್ಪೆಬೀಜಗಳನ್ನು ಕೇಳುವವರಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಮಕ್ಕಳು ತಿರುಳನ್ನು ಹೀರಿ ಸಿಪ್ಪೆಯನ್ನು ಉಗುಳುವರು. ಹಿರಿಯರು ಬೀಜವನ್ನು ಆಯ್ದು ಎಸೆಯುವರು. ಹಣ್ಣಿನ ಸತ್ತ್ವದ ಬಹುಭಾಗವು ಹೀಗೆ ಎಸೆದುದರಲ್ಲಿಯೇ ಇರುವುದೆಂಬುದು ವಿಚಾರಾರ್ಹವಾದ ಸಂಗತಿ.

ತುಪ್ಪವನ್ನು ಬಹುಕಾಲ ಇಟ್ಟರೆ ಕಮಟುವಾಸನೆ ಹುಟ್ಟುವುದಷ್ಟೆ. ಗಾಳಿಯಲ್ಲಿರುವ ಆಮ್ಲಜನಕವು ಜಿಡ್ಡಿನೊಡನೆ ಕೂಡುವುದೇ ಇದಕ್ಕೆ ಕಾರಣ. ಬೆಣ್ಣೆ ಕಾಯಿಸುವಾಗ ಒಂದು ವೀಳ್ಯದೆಲೆಯನ್ನು ಹಾಕುವ ವಾಡಿಕೆ ನಮ್ಮ ಗೃಹಿಣಿಯರಲ್ಲಿ ಉಂಟು. ಆ ಎಲೆಯ ಕೆಲವು ದ್ರವ್ಯಗಳು ಈ ಕೆಡುಕನ್ನು ತಡಮಾಡುವುವು. ಇಂಥವುಗಳಿಗೆ ಉತ್ಕರ್ಷಣನಿರೋಧಕಗಳೆಂದು ಹೆಸರು. ದ್ರಾಕ್ಷಿಯಲ್ಲಿ ಈ ಕೆಲಸಮಾಡುವ ಪಾಲಿಫಿನಾಲುಗಳಲ್ಲಿ ಸುಮಾರು ನೂರಕ್ಕೆ 60-70 ಪಾಲು ಬೀಜದಲ್ಲಿಯೂ, 30 ಪಾಲಿನಷ್ಟು ಸಿಪ್ಪೆಯಲ್ಲಿಯೂ ಇರುವುವು. ತಿರುಳಿಗೆ ಉಳಿಯುವುದು ಅತ್ಯಲ್ಪ. ಕಪ್ಪು ದ್ರಾಕ್ಷಿಯ ಬಣ್ಣವೂ ಬೀಜದ ಒಗರೂ ಇವುಗಳದೇ.

ಮದ್ಯಕ್ಕಾಗಿ ಹಣ್ಣನ್ನು ಹಿಂಡಿದ ಮೇಲೆ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹಿಪ್ಪೆಯಾಗಿ ಉಳಿಯುವುದು. ಕೆಂಪು ಮದ್ಯದಲ್ಲಿ ರಸವು ಸಿಪ್ಪೆಬೀಜಗಳೊಡನೆಯೇ ಹುಳಿಯುವುದರಿಂದ ಅವುಗಳ ಸಾರ ಸ್ವಲ್ಪಮಟ್ಟಿಗೆ ಇಳಿಯುವುದು. ಬಿಳಿಯದರಲ್ಲಿ ರಸವನ್ನು ಮೊದಲೇ ಬೇರ್ಪಡಿಸುವುದರಿಂದ ಹಿಪ್ಪೆಯಲ್ಲಿಯೇ ನಿಲ್ಲುವುದು. ಇಟಲಿಯವರು ಈ ಹಿಪ್ಪೆಯಿಂದ ಗ್ರಾಪ್ಪಾ ಎಂಬ ಮದ್ಯವನ್ನು ಬಟ್ಟಿಯಿಳಿಸುವರು. ಬೀಜದಿಂದ ಎಣ್ಣೆಯನ್ನೂ ಸಿಪ್ಪೆಯಿಂದ ತಿಂಡಿಗಳಿಗೆ ಹಾಕುವ ಬಣ್ಣವನ್ನೂ ತೆಗೆಯುವುದುಂಟು. ಉಳಿದುದು ಗೊಬ್ಬರಕ್ಕೆ.

ಇನ್ನು ಮುಖ್ಯವಾದ ಮಾತು. 1992ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು, ಬೆಣ್ಣೆ ಚೀಸುಗಳನ್ನು ಧಾರಾಳವಾಗಿ ತಿನ್ನುವ ತಮ್ಮ ದೇಶದವರಲ್ಲಿ ಹೃದ್ರೋಗದ ಮರಣ ಕಡಿಮೆಯಿರುವುದಕ್ಕೆ ಮದ್ಯಪಾನವು ಕಾರಣವಾಗಿರಬಹುದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ದ್ರವ್ಯಕ್ಕೆ ಅಂದಿನಿಂದ ಕೀರ್ತಿ ಹೆಚ್ಚಿತು. ಆದರೆ ಒಂದು ಲೀಟರು ಕೆಂಪು ಮದ್ಯದಲ್ಲಿ ಅದು ಕೆಲವೇ ಮಿಲಿಗ್ರಾಮು. ಇಟಲಿಯ ಕಿಯಾಂಟಿ ಪ್ರಾಂತದಲ್ಲಿ 783 ಮಂದಿ ವೃದ್ಧರನ್ನು ಒಂಬತ್ತು ವರ್ಷ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಹಾರದ ಮೂಲಕ ಅದು ಹೆಚ್ಚಾಗಿ ಸೇರಿದವರಿಗೂ ಕಡಿಮೆ ಸೇರಿದವರಿಗೂ ಹೃದ್ರೋಗದಲ್ಲಾಗಲಿ ಮರಣದಲ್ಲಾಗಲಿ ಅಂತರ ಕಾಣಲಿಲ್ಲ. ಮದ್ಯವು ಅರ್ಬುದಕಾರಕವೆಂದು 1988ರಲ್ಲಿಯೇ ನಿರ್ಣಯವಾಗಿದೆ. ನಿರಪಾಯವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಹೀಗಿರಲು, "ಹೃದಯಕ್ಕೆ ಒಳ್ಳೆಯದಂತೆ" ಎಂದು ಸಂಜೆಗೊಂದು ಲೋಟ ತುಂಬಿಸಿಕೊಳ್ಳುವ ಯಜಮಾನರಿಗೆ ಗೃಹಿಣಿಯು ಹಣ್ಣಿನ ತಟ್ಟೆಯನ್ನೇ ಮುಂದಿಡತಕ್ಕದ್ದು. ಸಿಪ್ಪೆಯಲ್ಲಿರುವುದನ್ನು ಪಡೆಯಲು ಹೆಂಡದ ಮಧ್ಯಸ್ಥಿಕೆ ಏತಕ್ಕೆ? ಬೀಜದ ಸಾರವೆಂದು ಮಾರುವ ಗುಳಿಗೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು.

ಬೆಂಗಳೂರಿನ ಸುತ್ತ ಬೆಳೆಯುವ ನೀಲಿ ದ್ರಾಕ್ಷಿಗೆ ಸಿಪ್ಪೆ ದಪ್ಪ, ಬೀಜವೂ ಉಂಟು. ಅದನ್ನು ಚೆನ್ನಾಗಿ ತೊಳೆದು, ಸ್ವಲ್ಪ ನೀರಿನೊಡನೆ ಸಿಪ್ಪೆಸಹಿತವಾಗಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಬಣ್ಣವೂ ಒಗರೂ ಪಾನಕಕ್ಕೆ ಇಳಿಯುವುವು. ಹಣ್ಣಿನಲ್ಲಿಯೇ ಸಕ್ಕರೆ ಹೇರಳವಾಗಿರುವುದರಿಂದ ಮತ್ತೆ ಸಕ್ಕರೆ ಹಾಕಬೇಕಾದುದಿಲ್ಲ. ಮಧುಮೇಹಿಗಳಿಗೆ ಈ ಪಾನಕ ತಕ್ಕುದಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಹಣ್ಣನ್ನು ಕೊಡಲೇಬಾರದು, ಗಂಟಲಿಗೆ ಸಿಕ್ಕಿ ಉಸಿರು ಕಟ್ಟುವ ಅಪಾಯವುಂಟು. ಬೀಜ ತೆಗೆದು, ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡುವುದು.