ಹೆಸರು ತಪ್ಪು ಬರೆದವರು ಅವರು, ಸಾಬೀತು ಮಾಡಬೇಕಾದವರು ನಾವಾ?

ಬರಹ ಸ್ವಲ್ಪ ಉದ್ದ ಆಗೇದ, ಪುರುಸೊತ್ತಿದ್ದಾಗ ಓದ್ರಿ.

ಹೋದ ಭಾನುವಾರ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹಿರಿಯರು ಮೊಮ್ಮಗನ ಬೈಕ್ ಮೇಲೆ ಕೂತು ನಮ್ಮ ಮನೆಗೆ ಬಂದಿದ್ದರು. ಎಪ್ಪತ್ತೈದು ದಾಟಿದವರು. 1971ರ ಯುದ್ಧದಾಗ ರಾಜಸ್ಥಾನದ ಗಡಿಯಲ್ಲಿದ್ದ ಜವಾನ. ಬಟ್ಟೆ ಅಂಗಡಿಯ ಹಳೆ ಚೀಲದೊಳಗೆ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಆಧಾರ್, ಹೊಲದ ಉತಾರ, ಮತ್ತ ಕರವಸ್ತ್ರದಾಗ ಸುತ್ತಿದ ಒಂದು ಪದಕ. ಪದಕದ ಅಂಚಿನ ಮೇಲೆ ಸೈನಿಕನ ನಂಬರು, ಹೆಸರು ಕೆತ್ತಿರ್ತಾರ. ನಂಬರು ಸರಿ ಇದೆ. ಹೆಸರು ಅವರದಲ್ಲ, ಅವರ ಹೆಸರಿನ ಹಾಗೆ ಕೇಳಿಸೋ ಇನ್ನೇನೋ ಒಂದು.

ಪುಸ್ತಕ ತೆಗೆದು ನೋಡಿದೆ. ಆ ಯುದ್ಧದಾಗ ಪಶ್ಚಿಮದ ರಣರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಅದರ ಜೊತೆಗೆ ಸಂಗ್ರಾಮ ಪದಕ. ಇವರ ಪುಸ್ತಕದಾಗ ಸಂಗ್ರಾಮ ಪದಕ ಒಂದೇ ಇದೆ, ಸ್ಟಾರ್ ಇಲ್ಲ. ಹೆಂಡತಿಯ ಹೆಸರಿನ ಕೊನೆಗಿದ್ದ 'ಅವ್ವ' ಅನ್ನೋದನ್ನ ಯಾರೋ ಹಿಂದಿಯವರು 'ಬಾಯಿ' ಮಾಡಿ ಇಟ್ಟಾರ. ನಾನು ಸ್ಟಾರ್ ಬಗ್ಗೆ ಕೇಳಿದರೆ ಅವರು ಕೈ ಅಡ್ಡ ಆಡಿಸಿದರು. "ತಮ್ಮಾ, ಸ್ಟಾರ್ ಆಮ್ಯಾಲೆ ನೋಡೂಣು. ಮೊದಲ ಆಕಿ ಹೆಸರು ಸರಿ ಮಾಡ್ಸು. ನಾ ಹೋದಮ್ಯಾಲೆ ಆಕಿ ಎಷ್ಟು ಕಚೇರಿ ಅಡ್ಡಾಡ್ತಾಳ?"

ಅವರು ಒಂದು ಕಚೇರಿಗೆ (ಹೆಸರು ಬೇಡ) ಮೂರು ವರ್ಷದಿಂದ ಅಡ್ಡಾಡಿದ್ದಾರೆ. ಅಫಿಡವಿಟ್ ತಾ ಅಂದ್ರು, ತಂದರು. ಪತ್ರಿಕೆಯಾಗ ಜಾಹೀರಾತು ಕೊಡು ಅಂದ್ರು, ಕೊಟ್ಟರು. ಕೊನೆಗೆ ಬಂದ ಉತ್ತರ ಒಂದು ಸಾಲು: ದಾಖಲೆಗಳಲ್ಲಿ ಹೆಸರು ತಾಳೆಯಾಗುತ್ತಿಲ್ಲ. ತಾಳೆಯಾಗೋದಿಲ್ಲ ಅಂತಲೇ ಅಲ್ಲೇನ್ರಿ ಅರ್ಜಿ ಹಾಕಿದ್ದು?

ಈಗ ನಮ್ಮ ಮಂದಿಯ ಹೆಸರಿನ ಕಥಿ ಹೇಳ್ತೀನಿ, ಯಾಕಂದ್ರ ಮೇಜಿನ ಆ ಕಡೆ ಕೂತವರಿಗೆ ಇದು ಗೊತ್ತಾಗೋದಿಲ್ಲ. ಈ ಹಿರಿಯರು ಸೈನ್ಯಕ್ಕೆ ಸೇರುವಾಗ ಭರ್ತಿ ಮಾಡಿಕೊಂಡವರು ಇವರ ಹೆಸರಿನ ಮುಂದೆ ಅಪ್ಪನ ಹೆಸರು ಬರೆದು ಮುಗಿಸಿದ್ದಾರೆ. ಉತಾರದಾಗ ಮಾದರ ಅಂತ ಇದೆ. ಆಧಾರ್‌ದಾಗ ಹರಿಜನ ಅಂತ ಬಂದಿದೆ. ಮಗನ ಹೆಸರಿಗೆ ಶಾಲೆಯ ಮಾಸ್ತರರು ಹಚ್ಚಿದ್ದು ಹರಿಜನ, ಆತ ದೊಡ್ಡವನಾಗಿ ನೌಕರಿಗೆ ಹೋದಮ್ಯಾಲೆ ಅದನ್ನ ತೆಗೆಸಿ ದೊಡಮನಿ ಮಾಡಿಕೊಂಡಿದ್ದಾನೆ. ಒಂದೇ ಮನಿ, ನಾಲ್ಕು ಅಡ್ಡಹೆಸರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಯಾವ ಕೇರಿಗೆ ಹೋಗಿ ಕೇಳಿದರೂ ಇದೇ. ಹುಟ್ಟಿದ ತಾರೀಖು ಕೇಳಿದರೆ ಅರ್ಧ ಕೇರಿ ಜೂನ್ 1ಕ್ಕೆ ಹುಟ್ಟಿದ್ದು. ನಮ್ಮ ಹೆಸರನ್ನ ನಾವು ಬರೆದುಕೊಂಡಿಲ್ಲ. ಊರವರು ಕರೆದರು, ಮಾಸ್ತರರು ಬರೆದರು, ತಲಾಟಿ ಇನ್ನೊಂದು ಬರೆದ, ಸೈನ್ಯದ ಕ್ಲರ್ಕ್ ಮತ್ತೊಂದು ಬರೆದ. ಬರೆದವರು ಯಾರಿಗೂ ಕೇಳಲಿಲ್ಲ, ಕಾಗದ ತೋರಿಸು ಅನ್ನಲಿಲ್ಲ. ತಿದ್ದಬೇಕು ಅಂದಾಗ ಮಾತ್ರ ಹತ್ತು ಕಾಗದ ಬೇಕು. ನನ್ನ ತಕರಾರು ಇಷ್ಟೇ. ಬರೆದವನ ಕೈಯಿಂದ ಆದ ತಪ್ಪಿಗೆ ಬರೆಯಲು ಬಾರದಿದ್ದವನು ಸಾಕ್ಷಿ ತರಬೇಕು ಅನ್ನೋದು ಯಾವ ನ್ಯಾಯ?

ನಾನೂ ಗುಮಾಸ್ತನೇ. ಒಂದು ಅಕ್ಷರ ಹೆಚ್ಚು ಕಡಿಮೆ ಆಗಿದೆ ಅಂತ ನಾನೂ ಅರ್ಜಿ ವಾಪಸ್ ಕಳಿಸಿದ್ದೇನೆ. ಕಳಿಸುವಾಗ ಎದುರಿನ ಮುಖ ನೋಡಿರಲಿಲ್ಲ, ಕಾಲಂ ನೋಡಿದ್ದೆ. ಹಿಂಗಾಗಿ ಮತ್ತೊಬ್ಬ ಗುಮಾಸ್ತನ ಮ್ಯಾಲೆ ಒದರಾಡಲಿಕ್ಕೆ ನನಗೆ ಪೂರ್ತಿ ಹಕ್ಕಿಲ್ಲ. ಆದರೆ ತಿದ್ದಲಿಕ್ಕೇ ಬರೋದಿಲ್ಲ ಅಂತ ಯಾರಾದರೂ ಅಂದರೆ ಅದು ಸುಳ್ಳು ಅಂತ ಹೇಳಬಲ್ಲೆ.

ಕಾರ್ಗಿಲ್ ನೆನಪು ಮಾಡಿಕೊಳ್ಳಿ. ಟೈಗರ್ ಹಿಲ್ ಏರಿದ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ 1999ರ ಆಗಸ್ಟ್‌ದಾಗ ಪರಮವೀರ ಚಕ್ರ ಘೋಷಣೆ ಆದದ್ದು ಮರಣೋತ್ತರ ಅಂತ. ಮನುಷ್ಯ ಆಸ್ಪತ್ರೆಯಲ್ಲಿ ಜೀವಂತ ಇದ್ದರು! ಅದೇ ಪಡೆಯಲ್ಲಿ ಅದೇ ಹೆಸರಿನ ಇನ್ನೊಬ್ಬ ಯೋಧ ಹುತಾತ್ಮರಾಗಿದ್ದರು. ದೇಶದ ಅತಿ ದೊಡ್ಡ ಪದಕದಲ್ಲೇ ಹೆಸರು ಅದಲು ಬದಲಾಗಬಹುದು ಅಂದ್ರೆ ಮುದ್ದೇಬಿಹಾಳದ ಜವಾನನ ಹೆಸರು ತಪ್ಪೋದು ದೊಡ್ಡ ಮಾತಲ್ಲ. ಅವರದನ್ನು ತಕ್ಷಣ ತಿದ್ದಿದರು, ಇವರದು ಮೂರು ವರ್ಷ ಆದ್ರೂ ಹಂಗೇ ಅದ. ಫರಕು ಅಲ್ಲಿದೆ.

ಅದೇ ಯುದ್ಧದಲ್ಲಿ ಬಟಾಲಿಕ್ ಭಾಗದಲ್ಲಿ 70ನೇ ಬ್ರಿಗೇಡ್ ಮುನ್ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ತಮ್ಮ ಕೆಲಸವನ್ನು ಯುದ್ಧದ ವರದಿಯಲ್ಲಿ ಬೇಕಂತಲೇ ಕಡಿಮೆ ಮಾಡಿ ಬರೆದಿದ್ದಾರೆ ಅಂತ ಹೋರಾಡಿದರು. 2010ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಮೇಲಧಿಕಾರಿಯ ಪಕ್ಷಪಾತವನ್ನು ಒಪ್ಪಿ, ದಾಖಲೆ ತಿದ್ದಲು ಹೇಳಿತು. ಬ್ರಿಗೇಡಿಯರ್‌ಗೇ 11 ವರ್ಷ ಹಿಡಿಯಿತು.

ಅಮೆರಿಕಾದ ಮಾತು ಒಂದಿಷ್ಟು ಹೇಳ್ತೀನಿ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಕರಿಯ ಸೈನಿಕರು ದುಡಿದರು. ಆದರೆ ಅಲ್ಲಿಯ ಅತ್ಯುನ್ನತ ಪದಕ ಆಗ ಅವರಲ್ಲಿ ಒಬ್ಬರಿಗೂ ಸಿಗಲಿಲ್ಲ. ಆಮೇಲೆ ಸರ್ಕಾರವೇ ಹಳೆ ಕಡತ ತೆಗೆಸಿ ಅಧ್ಯಯನ ಮಾಡಿಸಿತು. 1997ರಲ್ಲಿ ಏಳು ಜನರಿಗೆ ಪದಕ ಕೊಟ್ಟಾಗ ಬದುಕಿದ್ದವರು ವರ್ನಾನ್ ಬೇಕರ್ ಒಬ್ಬರೇ. ನಮ್ಮಲ್ಲಿ ಅಂಥ ಅಧ್ಯಯನ ಬೇಕು ಅಂತ ಕೇಳಿದವರು ಎಷ್ಟು ಮಂದಿ?

ಇದನ್ನ ಸರ್ಕಾರಕ್ಕಿಂತ ಮೊದಲು ನಾನು ನಮಗೇ ಕೇಳ್ತಿದ್ದೀನಿ. ಪ್ರತಿ ಜನವರಿ 1ಕ್ಕೆ ನಾವು ಕೋರೆಗಾಂವ ಪೋಸ್ಟ್ ಹಾಕ್ತೀವಿ. 1818ರ ಕದನ, 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋದದ್ದು, ಎಲ್ಲ ಬಾಯಿಪಾಠ. ಆ ಕಂಬದ ಮೇಲೆ ಮಹಾರ ಸೈನಿಕರು ಇದ್ದರು ಅಂತ ನಮಗೆ ಗೊತ್ತಾದದ್ದು ಹೆಂಗ? ಕೆತ್ತಿದ 49 ಹೆಸರಿನಾಗ 22 ಹೆಸರಿನ ಕೊನೆಗೆ 'ನಾಕ್' ಅಂತ ಇದೆ, ಅದರಿಂದ. ಯಾರೋ ಹೆಸರನ್ನ ಇದ್ದ ಹಾಗೆ ಬರೆದುಕೊಂಡರು, ಇನ್ನೂರು ವರ್ಷ ಆದಮ್ಯಾಲೂ ಅದು ನಮ್ಮ ಕೈಗೆ ಸಿಕ್ಕಿತು. ಅದೇ ಭೀಮಾ ನದಿ ಇಂಡಿ, ಸಿಂದಗಿ ಹೊಲಗಳ ಪಕ್ಕ ಹರಿದು ಹೋಗ್ತದ. 1890ರ ದಶಕದಾಗ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದಾಗ ಅದರ ವಿರುದ್ಧ ಅರ್ಜಿ ಬರೆದ ಗೋಪಾಲಬಾಬಾ ವಲಂಗಕರ್ ಅವರೂ ನಿವೃತ್ತ ಸೈನಿಕರೇ. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಪಕ್ಕದ ಬೆಳಗಾವಿಯಲ್ಲಿ. ಇಷ್ಟೆಲ್ಲ ಇತಿಹಾಸ ಹೇಳೋ ನಾವು ನಮ್ಮ ಓಣಿಯ ಮಾಜಿ ಸೈನಿಕನ ಡಿಸ್ಚಾರ್ಜ್ ಬುಕ್ಕನ್ನ ಒಮ್ಮೆಯಾದರೂ ತೆರೆದು ನೋಡಿದ್ದೀವಾ? ನಾನು ನೋಡಿರಲಿಲ್ಲ. ಈ ಹಿರಿಯರು ನಮ್ಮ ಅಂಬೇಡ್ಕರ್ ಜಯಂತಿಗೆ ಪ್ರತಿ ವರ್ಷ ಟೊಪ್ಪಿಗೆ ಹಾಕಿಕೊಂಡು ಬರ್ತಾರೆ, ನಾವು ಶಾಲು ಹೊದಿಸಿ ಕಳಿಸಿದ್ದೀವಿ.

ಏನು ಮಾಡಬಹುದು ಅಂತ ಕೆಲವರು ಕೇಳ್ತೀರಿ. ಮೊದಲು ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ. ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಹಾಕಿ ಭರ್ತಿ ನಮೂನೆ ಮತ್ತು ಶೀಟ್ ರೋಲಿನ ದೃಢೀಕೃತ ಪ್ರತಿ ಕೇಳಬೇಕು, 30 ದಿನದಾಗ ಉತ್ತರ ಕೊಡಬೇಕು. ತಪ್ಪು ಎಲ್ಲಿ ಶುರುವಾಯಿತು ಅಂತ ಅದರಿಂದ ಗೊತ್ತಾಗ್ತದ. ಎಷ್ಟೋ ಸಲ ಮೂಲ ಕಾಗದದಾಗ ಹೆಸರು ಸರಿ ಇರ್ತದ, ಕಂಪ್ಯೂಟರಿಗೆ ಏರಿಸುವಾಗ ಕೆಟ್ಟಿರ್ತದ. ಆಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ತಿದ್ದುಪಡಿ ಅರ್ಜಿ. ಎಲ್ಲ ಕಾಗದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಬಾಯಿಮಾತಿನ "ಆಗೋದಿಲ್ಲ" ಅನ್ನೋದಕ್ಕೆ ಎಲ್ಲಿಯೂ ಮೇಲ್ಮನವಿ ಇಲ್ಲ. ಬರವಣಿಗೆಯಲ್ಲಿ ತಿರಸ್ಕರಿಸಿದರೆ ನ್ಯಾಯಮಂಡಳಿ ಇದೆ, ನಮ್ಮ ರಾಜ್ಯಕ್ಕೆ ಅದರ ಪೀಠ ಕೊಚ್ಚಿಯಲ್ಲಿದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು, ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗ್ತದ, ಆದಾಯ ಎಷ್ಟೇ ಇರಲಿ.

ಹಿರಿಯರ ಮಾಹಿತಿ ಹಕ್ಕಿನ ಅರ್ಜಿ ಸೋಮವಾರ ರಿಜಿಸ್ಟರ್ ಪೋಸ್ಟಿಗೆ ಹಾಕಿದ್ದೀನಿ. ಮೊದಲ ಸಾಲಿನಾಗ ಅವರ ಹೆಂಡತಿಯ ಹೆಸರು, 'ಅವ್ವ' ಸಮೇತ. ಸ್ಟಾರ್ ಎರಡನೇ ಸಾಲಿಗೆ, ಅವರು ಹೇಳಿದ ಹಾಗೇ. ನಾಲ್ಕೂ ತಾಲೂಕಿನ ಗೆಳೆಯರು ತಂತಮ್ಮ ಓಣಿಯ ಮಾಜಿ ಸೈನಿಕರ, ವಿಧವೆಯರ ಪುಸ್ತಕ ತೆಗೆಸಿ ಆಧಾರ್ ಜೊತೆ ಹಿಡಿದು ನೋಡ್ರಿ. ತಪ್ಪಿದ್ದರೆ ಇನ್‌ಬಾಕ್ಸಿಗೆ ಬರೀರಿ, ನಂಬರು, ಆಧಾರ್ ಫೋಟೋ ಮಾತ್ರ ಕಮೆಂಟಿನಾಗ ಹಾಕಬ್ಯಾಡ್ರಿ. ಭಾನುವಾರ ನಾನು ಮನೆಯಲ್ಲೇ ಇರ್ತೀನಿ.