ಕೃತಕ ಹೃದಯ ಕವಾಟದ ಸೋಂಕು: ರೋಗನಿರ್ಣಯದಲ್ಲಿ ಪೆಟ್-ಸಿ.ಟಿ. ಸ್ಕ್ಯಾನ್‌ನ ಸ್ಥಾನ

ಹೃದಯ ಕವಾಟದ ಸೋಂಕನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಮಾನದಂಡಗಳು 2023ರಲ್ಲಿ ಪರಿಷ್ಕರಣೆಗೊಂಡಿವೆ. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2000ದಲ್ಲಿ ಮಾರ್ಪಾಡಾದ ಡ್ಯೂಕ್ ಮಾನದಂಡಗಳಲ್ಲಿ ಈಗ ಪೆಟ್-ಸಿ.ಟಿ. ಸ್ಕ್ಯಾನ್‌ನ ಫಲಿತಾಂಶಕ್ಕೂ ಪ್ರಧಾನ ಸಾಕ್ಷ್ಯದ ಸ್ಥಾನ ದೊರೆತಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘವು ಕೃತಕ ಕವಾಟಗಳ ವಿಷಯದಲ್ಲಿ ಇದನ್ನು 2015ರಲ್ಲಿಯೇ ಅಂಗೀಕರಿಸಿತ್ತು. ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಅವರ ಕುಟುಂಬದವರು ಈ ಬದಲಾವಣೆಯ ಅರ್ಥವನ್ನೂ ಮಿತಿಯನ್ನೂ ತಿಳಿದಿರುವುದು ಅವಶ್ಯಕವಾಗಿದೆ.

ರಕ್ತದಲ್ಲಿ ಸೇರಿದ ರೋಗಾಣುಗಳು ಹೃದಯದ ಕವಾಟದ ಮೇಲೆ ನೆಲೆಯೂರಿ ಬೆಳೆಯುವುದೇ ಈ ಕಾಯಿಲೆ. ಚಿಕಿತ್ಸೆ ದೊರೆತ ರೋಗಿಗಳಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿಯೇ ಮರಣ ಹೊಂದುತ್ತಾರೆ. ಭಾರತದಲ್ಲಿ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಚಿಕ್ಕ ವಯಸ್ಸಿನಲ್ಲಿಯೇ ಕೃತಕ ಕವಾಟ ಅಳವಡಿಸಿಕೊಂಡವರ ಸಂಖ್ಯೆ ಗಣನೀಯವಾಗಿರುವುದರಿಂದ ಈ ವಿಷಯವು ಇಲ್ಲಿಯೂ ಮಹತ್ವದ್ದಾಗಿದೆ.

ಸಾಮಾನ್ಯವಾಗಿ ಎಕೋ ಪರೀಕ್ಷೆ ಮತ್ತು ರಕ್ತದ ಕಲ್ಚರ್ ಪರೀಕ್ಷೆ ಇವೆರಡರ ಆಧಾರದಿಂದ ರೋಗವನ್ನು ನಿರ್ಧರಿಸಲಾಗುತ್ತದೆ. ಆದರೆ ಲೋಹದ ಕವಾಟವು ಶಬ್ದತರಂಗಗಳನ್ನು ತಡೆಯುವುದರಿಂದ ಎಕೋ ಚಿತ್ರದಲ್ಲಿ ನೆರಳು ಬಿದ್ದು, ಅದರ ಹಿಂದಿರುವ ಸೋಂಕು ಕಾಣದೇ ಹೋಗಬಹುದು. ಪೆಟ್-ಸಿ.ಟಿ. ಪರೀಕ್ಷೆಯು ಕವಾಟದ ಆಕಾರವನ್ನಷ್ಟೇ ಅವಲಂಬಿಸುವುದಿಲ್ಲ. ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಸೇರಿಸಿದ ಗ್ಲೂಕೋಸ್‌ನಂತಹ ವಸ್ತುವನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ. ಸೋಂಕಿನೊಡನೆ ಹೋರಾಡುವ ಕಣಗಳು ಗ್ಲೂಕೋಸನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಆ ಭಾಗವು ಚಿತ್ರದಲ್ಲಿ ಪ್ರಕಾಶಮಾನವಾಗಿ ಕಾಣುತ್ತದೆ. ಗುಲ್ಮ, ಬೆನ್ನುಮೂಳೆ ಮುಂತಾದೆಡೆಗೆ ಸೋಂಕು ಹರಡಿದ್ದರೆ ಅದೂ ಒಮ್ಮೆಗೇ ತಿಳಿಯುತ್ತದೆ. ಮಿದುಳಿನ ವಿಷಯದಲ್ಲಿ ಮಾತ್ರ ಈ ಅನುಕೂಲವಿಲ್ಲ. ಅದು ಸಹಜವಾಗಿಯೇ ಗ್ಲೂಕೋಸನ್ನು ಅಪಾರವಾಗಿ ಬಳಸುವ ಅಂಗವಾಗಿದೆ.

ಫ್ರಾನ್ಸ್‌ನ ಮಾರ್ಸೇಯ್ ನಗರದ ವೈದ್ಯರು ಕೃತಕ ಕವಾಟವುಳ್ಳ 72 ಶಂಕಿತ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬದಲಾವಣೆಗೆ ಮುಖ್ಯ ಆಧಾರಗಳಲ್ಲೊಂದು. ದಾಖಲಾದ ಸಮಯದಲ್ಲಿ ಡ್ಯೂಕ್ ಮಾನದಂಡಗಳು ರೋಗವನ್ನು ಪತ್ತೆಹಚ್ಚುವ ಸಾಮರ್ಥ್ಯವು ಶೇಕಡಾ 70ರಷ್ಟಿದ್ದು, ಸ್ಕ್ಯಾನ್ ಫಲಿತಾಂಶವನ್ನು ಸೇರಿಸಿದಾಗ ಶೇಕಡಾ 97ಕ್ಕೆ ಏರಿತು. ಈ ಅಂಕಿಗಳು ಕೃತಕ ಕವಾಟಕ್ಕೆ ಮಾತ್ರ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಸ್ವಂತ ಕವಾಟದ ಮೇಲಿನ ಸೋಂಕಿನ ಗಡ್ಡೆ ಚಿಕ್ಕದಾಗಿದ್ದು ಹೃದಯದ ಬಡಿತದೊಂದಿಗೆ ಅಲುಗಾಡುತ್ತಿರುವುದರಿಂದ ಸ್ಕ್ಯಾನ್‌ಗೆ ಅದು ಅನೇಕ ವೇಳೆ ಸಿಗುವುದೇ ಇಲ್ಲ. ಅಂತಹವರಲ್ಲಿ ಸ್ಕ್ಯಾನ್ ಸ್ವಚ್ಛವಾಗಿ ಬಂದ ಮಾತ್ರಕ್ಕೆ ಸೋಂಕಿಲ್ಲವೆಂದು ನಿರ್ಧರಿಸಲಾಗದು. ಶಸ್ತ್ರಚಿಕಿತ್ಸೆಯ ಮೊದಲ ಮೂರು ತಿಂಗಳಲ್ಲಿ ಗಾಯ ಮಾಯುವ ಊತವೂ ಸೋಂಕಿನಂತೆಯೇ ಕಾಣಬಹುದಾದ್ದರಿಂದ, ಆ ಅವಧಿಯ ಚಿತ್ರಕ್ಕೆ 2023ರ ಡ್ಯೂಕ್ ಮಾನದಂಡಗಳು ಗೌಣ ಸಾಕ್ಷ್ಯದ ಸ್ಥಾನವನ್ನಷ್ಟೇ ನೀಡಿವೆ.

ಸಂದೇಹ ಉಳಿದಾಗ ರೋಗಿಯದೇ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ವಿಕಿರಣಶೀಲ ವಸ್ತುವಿನಿಂದ ಗುರುತು ಮಾಡಿ, ಮರಳಿ ದೇಹಕ್ಕೆ ಸೇರಿಸಿ ಚಿತ್ರ ತೆಗೆಯುವ ಮತ್ತೊಂದು ವಿಧಾನವಿದೆ. ಅದು ಸೋಂಕನ್ನೂ ಬರಿಯ ಊತವನ್ನೂ ಹೆಚ್ಚು ಖಚಿತವಾಗಿ ಬೇರ್ಪಡಿಸುತ್ತದೆಯಾದರೂ ಮರುದಿನದವರೆಗೆ ಸಮಯ ಹಿಡಿಯುತ್ತದೆ.

ಪೆಟ್ ಪರೀಕ್ಷೆಯ ಯಶಸ್ಸು ಬಹುಮಟ್ಟಿಗೆ ರೋಗಿಯ ಪೂರ್ವಸಿದ್ಧತೆಯನ್ನು ಅವಲಂಬಿಸಿದೆ. ಹೃದಯದ ಸ್ನಾಯುವೂ ಗ್ಲೂಕೋಸನ್ನು ಬಳಸುವುದರಿಂದ, ಅದು ಕೊಬ್ಬನ್ನೇ ಇಂಧನವಾಗಿ ಬಳಸುವಂತೆ ಮಾಡಲು ಹಿಂದಿನ ದಿನ ಪಿಷ್ಟ ಮತ್ತು ಸಕ್ಕರೆಯನ್ನು ತ್ಯಜಿಸಿ, ಬಳಿಕ ಸುಮಾರು 12 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಉಪವಾಸವಿರಬೇಕಾಗುತ್ತದೆ. ಅನ್ನ, ಮುದ್ದೆ, ಚಪಾತಿ, ಹಣ್ಣು, ಸಕ್ಕರೆ ಹಾಕಿದ ಕಾಫಿ ಇವೆಲ್ಲವೂ ವರ್ಜ್ಯ. ಮೊಟ್ಟೆ, ಮೀನು, ಮಾಂಸ ಸೇವಿಸುವವರಿಗೆ ಇದು ಸುಲಭ; ಸಸ್ಯಾಹಾರಿಗಳು ಪನೀರ್ ಮತ್ತು ತುಪ್ಪದ ಮೇಲೆ ಒಂದು ದಿನ ಕಳೆಯಬೇಕಾದುದು ನಿಜಕ್ಕೂ ಕಷ್ಟವೇ. ಆದರೂ ಮರೆತು ಕುಡಿದ ಒಂದು ಲೋಟ ಸಿಹಿ ಕಾಫಿಯಿಂದ ಇಡೀ ಪರೀಕ್ಷೆ ವ್ಯರ್ಥವಾಗಬಹುದು. ಮಧುಮೇಹಿಗಳು ಹಾಗೂ ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಆ ವಿಷಯವನ್ನು ದಿನಾಂಕ ನಿಗದಿಯಾಗುವ ಮೊದಲೇ ತಿಳಿಸತಕ್ಕದ್ದು. ಫ್ಲೋರಿನ್-18 ಪ್ರತಿ 110 ನಿಮಿಷಗಳಿಗೆ ಅರ್ಧದಷ್ಟು ಕ್ಷೀಣಿಸುವುದರಿಂದ ಅದನ್ನು ದಾಸ್ತಾನು ಮಾಡಲಾಗದು. ರೋಗಿಯು ತಡವಾಗಿ ಬಂದಲ್ಲಿ ಅವರಿಗಾಗಿ ತರಿಸಿದ ಔಷಧವೇ ಉಳಿದಿರುವುದಿಲ್ಲ.

ಇಷ್ಟೆಲ್ಲದರ ನಡುವೆ ರಕ್ತದ ಕಲ್ಚರ್ ಪರೀಕ್ಷೆಯ ಮಹತ್ವವು ಕಡಿಮೆಯಾಗಿಲ್ಲ. ಸ್ಕ್ಯಾನ್ ಸೋಂಕಿನ ಸ್ಥಳವನ್ನು ತೋರಿಸುತ್ತದೆಯೇ ಹೊರತು ರೋಗಾಣು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಹೇಳಲಾರದು. ಜ್ವರ ಬಂದೊಡನೆ ಔಷಧದ ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿದರೆ ರೋಗಾಣುವು ಕಲ್ಚರ್‌ನಲ್ಲಿ ಬೆಳೆಯದೇ ಹೋಗುತ್ತದೆ, ಆದರೆ ಕವಾಟದಲ್ಲಿ ಉಳಿದಿರುತ್ತದೆ. ಭಾರತದಲ್ಲಿ ಕಲ್ಚರ್ ಫಲಿತಾಂಶ ಶೂನ್ಯವಾಗಿ ಬರಲು ಇದು ಒಂದು ಪ್ರಮುಖ ಕಾರಣವಾಗಿದೆ. ಕೃತಕ ಕವಾಟವುಳ್ಳವರಿಗೆ ಕಾರಣ ತಿಳಿಯದ ಜ್ವರವಿದ್ದಲ್ಲಿ, ಮಾತ್ರೆಗೆ ಮೊದಲು ಕವಾಟದ ವಿಷಯವನ್ನು ವೈದ್ಯರಿಗೆ ತಿಳಿಸಿ ರಕ್ತದ ಮಾದರಿ ನೀಡತಕ್ಕದ್ದು.

ಸ್ಕ್ಯಾನ್‌ಗಾಗಿ ದೊಡ್ಡ ಆಸ್ಪತ್ರೆಗೆ ಕಳುಹಿಸಲ್ಪಟ್ಟವರು ಶಸ್ತ್ರಚಿಕಿತ್ಸೆಯ ದಿನಾಂಕ ಹಾಗೂ ಕವಾಟದ ವಿಧವನ್ನು ನಮೂದಿಸಿದ ಬಿಡುಗಡೆ ಪತ್ರ, ಹಿಂದಿನ ಎಕೋ ವರದಿಗಳು ಮತ್ತು ಸೇವಿಸಿದ ಆಂಟಿಬಯೋಟಿಕ್‌ಗಳ ವಿವರವನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು, ಸ್ಕ್ಯಾನ್‌ನ ವೆಚ್ಚವು ಮಂಜೂರಾದ ಚಿಕಿತ್ಸೆಯಲ್ಲಿ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮುಂಚಿತವಾಗಿಯೇ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.