ಗೂಬೆ ಮುದ್ರೆಯ ಬೆಳ್ಳಿ ನಾಣ್ಯ

ಕಾಲುಂಗುರವಾಗಲಿ, ಕರಡಿಗೆಯಾಗಲಿ, ಕೂಸಿನ ನಾಮಕರಣಕ್ಕೆಂದು ಕೊಳ್ಳುವ ಬಟ್ಟಲಾಗಲಿ, ಪತ್ತಾರರ ಅಂಗಡಿಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಬೆಳ್ಳಿ ಶುದ್ಧವೇ? ತೂಕ ಆಮೇಲಿನ ಮಾತು, ಕುಸುರಿ ಅದಕ್ಕೂ ಆಮೇಲಿನದು. ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದ ಪೇಟೆಯಲ್ಲಿಯೂ ಇದೇ ಪ್ರಶ್ನೆ ಪ್ರತಿದಿನ ಏಳುತ್ತಿತ್ತು. ಅದಕ್ಕೆ ಉತ್ತರ ಹೇಳುವುದಕ್ಕೆಂದೇ ಆ ನಗರವು ಒಬ್ಬ ಮನುಷ್ಯನನ್ನು ಪೇಟೆಯಲ್ಲಿ ಕೂರಿಸಿತ್ತು. ಅವನು ಯಾರು, ಅವನ ಸ್ಥಿತಿಗತಿ ಎಂತಹುದು ಎಂಬುದನ್ನು ತಿಳಿಯಬೇಕಾದರೆ, ಅವನ ಕೈಗೆ ಬರುತ್ತಿದ್ದ ನಾಣ್ಯ ಎಲ್ಲಿ ಹುಟ್ಟಿತು ಎಂಬಲ್ಲಿಂದ ಹೊರಡಬೇಕಾಗುತ್ತದೆ.

ಆ ಸೀಮೆಯಲ್ಲಿ ನಾಣ್ಯಗಳು ಮೊದಲು ಕಾಣಿಸಿಕೊಂಡದ್ದು ಲಿಡಿಯಾ ರಾಜ್ಯದಲ್ಲಿ, ಎಂದರೆ ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿ. ಕಾಲ ಕ್ರಿ.ಪೂ. 7ನೆಯ ಶತಮಾನ. ಅವು ಚಿನ್ನ ಮತ್ತು ಬೆಳ್ಳಿ ಬೆರೆತ ಲೋಹದವು. ಎರಡರ ಪ್ರಮಾಣ ಎಷ್ಟೆಷ್ಟೆಂಬುದನ್ನು ಕಣ್ಣಳತೆಯಲ್ಲಿ ಹೇಳುವಂತಿರಲಿಲ್ಲ. ಮುಂದಿನ ಶತಮಾನದಲ್ಲಿ ಗ್ರೀಕ್ ನಗರಗಳು ಈ ಪದ್ಧತಿಯನ್ನು ಕೈಗೆತ್ತಿಕೊಂಡಾಗ ಹೆಚ್ಚಾಗಿ ಬೆಳ್ಳಿಯನ್ನೇ ಆರಿಸಿಕೊಂಡವು. ಪ್ರತಿ ನಗರಕ್ಕೂ ತನ್ನದೇ ಗುರುತು. ಈಜೈನಾ ದ್ವೀಪದವರದು ಕಡಲಾಮೆ, ಕೊರಿಂಥದವರದು ರೆಕ್ಕೆಯುಳ್ಳ ಕುದುರೆ, ಅಥೆನ್ಸಿನವರದು ಗೂಬೆ.

ಗೂಬೆ ಎಂದೊಡನೆ ನಮ್ಮ ತಾಯಂದಿರು ಮುಖ ಸಿಂಡರಿಸಿಯಾರು. ಮನೆಯ ಮೇಲೆ ಗೂಬೆ ಕುಳಿತರೆ ಶಾಂತಿ ಮಾಡಿಸುವ ನಾಡು ನಮ್ಮದು. ಬಂಗಾಳದಲ್ಲಾದರೋ ಅದೇ ಪಕ್ಷಿ ಲಕ್ಷ್ಮಿಯ ವಾಹನ. ಗ್ರೀಕರಿಗೆ ಅದು ವಿವೇಕದ ದೇವತೆಯಾದ ಅಥೀನಾಳ ಹಕ್ಕಿ. ಆದುದರಿಂದ ನಾಣ್ಯದ ಒಂದು ಮುಖದಲ್ಲಿ ಶಿರಸ್ತ್ರಾಣ ಧರಿಸಿದ ದೇವಿಯ ಮುಖ, ಇನ್ನೊಂದರಲ್ಲಿ ನಮ್ಮನ್ನೇ ದಿಟ್ಟಿಸುವ ದುಂಡುಗಣ್ಣಿನ ಗೂಬೆ, ಪಕ್ಕದಲ್ಲಿ ಆಲಿವ್ ಮರದ ಚಿಗುರು ಮತ್ತು ನಗರದ ಹೆಸರಿನ ಮೊದಲ ಮೂರು ಅಕ್ಷರಗಳು. ಜನರೂ ಈ ನಾಣ್ಯಗಳನ್ನು ‘ಗೂಬೆಗಳು’ ಎಂದೇ ಕರೆಯುತ್ತಿದ್ದರು. ಗ್ರೀಸ್ ದೇಶ 2002ರಲ್ಲಿ ಚಲಾವಣೆಗೆ ತಂದ ಒಂದು ಯೂರೋ ನಾಣ್ಯದ ಮೇಲೆ ಇರುವುದೂ ಈ ಹಳೆಯ ಗೂಬೆಯೇ.

ನಾಣ್ಯದ ಮೂಲಮಾನ ದ್ರಾಖ್ಮಾ. ಆ ಮಾತಿಗೆ ‘ಹಿಡಿ’ ಎಂದು ಅರ್ಥ. ಆರು ಓಬೊಲಗಳು ಸೇರಿದರೆ ಒಂದು ದ್ರಾಖ್ಮಾ. ಓಬೊಲ ಎಂದರೆ ಕಬ್ಬಿಣದ ಸಲಾಕೆ. ನಾಣ್ಯ ಬರುವ ಮೊದಲು ಸಲಾಕೆಗಳೇ ಹಣದಂತೆ ನಡೆಯುತ್ತಿದ್ದವು, ಆರು ಸಲಾಕೆ ಒಂದು ಹಿಡಿಗೆ ತುಂಬುತ್ತಿದ್ದವು. ಇದು ಕೇವಲ ಕಟ್ಟುಕಥೆಯಲ್ಲ, ಆರ್ಗೋಸ್ ಬಳಿಯ ಹೇರಾ ದೇವತೆಯ ಗುಡಿಯ ಉತ್ಖನನದಲ್ಲಿ ಅಂತಹ ಸಲಾಕೆಗಳ ಕಟ್ಟು ದೊರೆತಿದೆ. ಒಂದು ದ್ರಾಖ್ಮಾದ ತೂಕ ಸುಮಾರು 4.3 ಗ್ರಾಂ. ಪ್ರಸಿದ್ಧವಾದ ದೊಡ್ಡ ಗೂಬೆ ನಾಣ್ಯ ನಾಲ್ಕು ದ್ರಾಖ್ಮಾದ್ದು, ತೂಕ 17 ಗ್ರಾಮಿಗಿಂತ ತುಸು ಹೆಚ್ಚು. ಆರು ಸಾವಿರ ದ್ರಾಖ್ಮಾ ಸೇರಿದರೆ ಒಂದು ಟ್ಯಾಲೆಂಟ್, ಎಂದರೆ ಸುಮಾರು 26 ಕಿಲೋ ಬೆಳ್ಳಿ. ದ್ರಾಖ್ಮಾ ಎಂಬ ಮಾತು ಅಲ್ಲಿಯೇ ನಿಲ್ಲಲಿಲ್ಲ. ಅರಬರ ದಿರ್ಹಮ್ ಅದರಿಂದ ಬಂದುದು. ಭಾರತಕ್ಕೆ ಬಂದು ಅದು ‘ದ್ರಮ್ಮ’ವಾಯಿತು, ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ದ್ರಮ್ಮವೂ ಕಾಣಸಿಗುತ್ತದೆ. ಬೆಲೆ ಎಂಬ ಅರ್ಥದ ಹಿಂದಿಯ ‘ದಾಮ್’ ಇದರದೇ ಕುಡಿ.

ಇನ್ನು ಈ ಬೆಳ್ಳಿ ಬಂದದ್ದೆಲ್ಲಿಂದ? ಅಥೆನ್ಸಿನ ದಕ್ಷಿಣಕ್ಕೆ, ಸಮುದ್ರಕ್ಕೆ ಚಾಚಿದ ಭೂಭಾಗದ ತುದಿಯಲ್ಲಿ, ಲಾರಿಯನ್ ಎಂಬ ಗುಡ್ಡಗಾಡು ಇದೆ. ಅಲ್ಲಿನ ಸೀಸದ ಅದಿರಿನೊಳಗೆ ಬೆಳ್ಳಿ ಅಡಗಿತ್ತು. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಅತ್ಯಂತ ಸಮೃದ್ಧವಾದ ಒಂದು ಪದರ ಕೈಗೆ ಹತ್ತಿತು. ಅದರಿಂದ ನಗರಕ್ಕೆ ನೂರು ಟ್ಯಾಲೆಂಟ್ ಬೆಳ್ಳಿ ಬಂದಿತೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ‘ಅಥೆನ್ಸಿನ ಸಂವಿಧಾನ’ ಎಂಬ ಗ್ರಂಥ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಟನ್ನಿಗೂ ಹೆಚ್ಚು.

ಇಷ್ಟು ಸಂಪತ್ತು ಎದುರಿಗೆ ಬಂದಾಗ ಏನು ಮಾಡಬೇಕು? ಪ್ರತಿಯೊಬ್ಬ ಪ್ರಜೆಗೂ ತಲಾ ಹತ್ತು ದ್ರಾಖ್ಮಾ ಹಂಚಿಬಿಡೋಣ ಎಂಬುದು ಸಭೆಯ ಇಂಗಿತವಾಗಿತ್ತೆಂದು ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಮನೆಗೆ ಬರುವ ಹಣವನ್ನು ಬೇಡವೆನ್ನುವವರು ಯಾರು? ಆದರೆ ಥೆಮಿಸ್ಟೊಕ್ಲಿಸ್ ಎಂಬ ಮುಖಂಡ ಎದ್ದುನಿಂತು, ಹಂಚುವುದು ಬೇಡ, ಯುದ್ಧನೌಕೆಗಳನ್ನು ಕಟ್ಟೋಣ ಎಂದ. ನೆರೆಯ ಈಜೈನಾದೊಡನೆ ಆಗ ಹಗೆತನವಿತ್ತು, ಅದನ್ನೇ ಮುಂದೆ ಮಾಡಿದ. ಸಭೆ ಒಪ್ಪಿತು. ಕೈಗೆ ಬಂದ ಹಣವನ್ನು ಸಾವಿರಾರು ಜನ ತಾವಾಗಿ ಬಿಟ್ಟುಕೊಟ್ಟ ಇಂತಹ ನಿರ್ಧಾರ ಇತಿಹಾಸದಲ್ಲಿ ಅಪರೂಪವೆಂದೇ ನಮ್ಮ ಭಾವನೆ. ಮೂರು ವರ್ಷ ಕಳೆಯುವಷ್ಟರಲ್ಲಿ, ಕ್ರಿ.ಪೂ. 480ರಲ್ಲಿ, ಪರ್ಷಿಯಾದ ಚಕ್ರವರ್ತಿ ಕ್ಸರ್ಕ್ಸಿಸ್ ದಂಡೆತ್ತಿ ಬಂದ. ಅಥೆನ್ಸ್ ನಗರ ಸುಟ್ಟುಹೋಯಿತು. ಆದರೆ ಸಲಾಮಿಸ್ ಜಲಸಂಧಿಯಲ್ಲಿ ನಡೆದ ನೌಕಾಯುದ್ಧದಲ್ಲಿ ಪರ್ಷಿಯನ್ನರು ಸೋತರು. ಅಲ್ಲಿ ಅಥೆನ್ಸಿನವರೇ ನಡೆಸಿದ ನೌಕೆಗಳು 180. ಇನ್ನೂ 20 ನೌಕೆಗಳನ್ನು ಅವರು ಕಾಲ್ಕಿಸ್ ನಗರದವರಿಗೆ ಎರವಲು ಕೊಟ್ಟಿದ್ದರು. ಲಾರಿಯನ್ನಿನ ಬೆಳ್ಳಿ ಇಲ್ಲದಿದ್ದರೆ ಆ ನೌಕೆಗಳಿಲ್ಲ.

ಥೆಮಿಸ್ಟೊಕ್ಲಿಸನ ಕಡೆಗಾಲ ವಿಚಿತ್ರವಾಯಿತು. ತನ್ನ ಜನರೇ ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿದರು. ಅವನು ಸೋಲಿಸಿದ ಪರ್ಷಿಯಾದ ದೊರೆತನವೇ ಅವನಿಗೆ ಆಶ್ರಯವಿತ್ತು ಮ್ಯಾಗ್ನೀಷಿಯಾ ಎಂಬ ಊರಿನ ಆಡಳಿತವನ್ನು ವಹಿಸಿತು. ಅಲ್ಲಿ ಅವನು ತನ್ನ ಹೆಸರಿನಲ್ಲಿ ಬೆಳ್ಳಿ ನಾಣ್ಯ ಹೊರಡಿಸಿದ. ಉಳಿದುಬಂದಿರುವ ಆ ಕೆಲವೇ ನಾಣ್ಯಗಳಲ್ಲಿ ತಾಮ್ರದ ತಿರುಳಿಗೆ ಬೆಳ್ಳಿಯ ಹೊದಿಕೆ ಹಾಕಿದವೂ ಇವೆ!

ಸಲಾಮಿಸ್ ಗೆಲುವನ್ನು ಎಲ್ಲ ಪುಸ್ತಕಗಳೂ ಕೊಂಡಾಡುತ್ತವೆ. ಗಣಿಯೊಳಗೆ ಇಳಿದವರ ಮಾತು ಬರುವುದು ಕಡಿಮೆ. ಬಂಡೆಯಲ್ಲಿ ಕೊರೆದ ಸುರಂಗಗಳು ಅನೇಕ ಕಡೆ ಒಂದು ಮೀಟರಿನಷ್ಟೂ ಎತ್ತರವಿಲ್ಲ. ಮಂಡಿಯೂರಿಯೋ ಮಲಗಿಯೋ ಉಳಿ ಸುತ್ತಿಗೆಗಳಿಂದ ಕಡಿಯಬೇಕು. ಬೆಳಕಿಗೆ ಮಣ್ಣಿನ ಹಣತೆ. ಮೇಲೆ ತಂದ ಅದಿರನ್ನು ಕುಟ್ಟಿ, ಬೀಸಿ, ಇಳಿಜಾರು ಕಟ್ಟೆಗಳ ಮೇಲೆ ನೀರು ಹರಿಸಿ ತೊಳೆಯುತ್ತಿದ್ದರು. ಮಳೆ ಕಡಿಮೆಯಾದ ಆ ಗುಡ್ಡಗಳಲ್ಲಿ ಈ ಕೆಲಸಕ್ಕೆಂದು ಗಾರೆ ಮೆತ್ತಿದ ತೊಟ್ಟಿಗಳನ್ನು ಕಟ್ಟಿದ್ದರು, ತೊಳೆದ ನೀರನ್ನೇ ಮತ್ತೆ ಬಳಸುತ್ತಿದ್ದರು. ಆ ತೊಟ್ಟಿಗಳು ಇಂದಿಗೂ ಕಾಣಸಿಗುತ್ತವೆ. ಆಮೇಲೆ ಕುಲುಮೆ. ಅದಿರು ಕರಗಿ ಸೀಸವಾಗುತ್ತದೆ. ಆ ಸೀಸವನ್ನು ಮತ್ತೆ ಕಾಯಿಸಿ ಗಾಳಿಯೂದಿದರೆ ಸೀಸ ಕಿಟ್ಟವಾಗಿ ಬೇರೆಯಾಗಿ, ತಳದಲ್ಲಿ ಬೆಳ್ಳಿ ಉಳಿಯುತ್ತದೆ. ಪುಟವಿಟ್ಟು ಪುಟವಿಟ್ಟು ತೆಗೆದ ಆ ಬೆಳ್ಳಿ ನೂರಕ್ಕೆ 95 ಭಾಗಕ್ಕೂ ಮೀರಿ ಶುದ್ಧವಾಗಿರುತ್ತಿತ್ತು. ಸೀಸದ ಹೊಗೆ ಮನುಷ್ಯನ ಮೈಗೆ ಏನು ಮಾಡುತ್ತದೆಂಬುದನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸ ಮಾಡಿದವರಲ್ಲಿ ಬಹುಪಾಲು ಜನ ಗುಲಾಮರು. ಶ್ರೀಮಂತರು ಅವರನ್ನು ಕೊಂಡು, ನಾವು ಎತ್ತುಗಳನ್ನು ಬಾಡಿಗೆಗೆ ಕೊಡುವಂತೆ ಗಣಿಯ ಗುತ್ತಿಗೆದಾರರಿಗೆ ಕೊಡುತ್ತಿದ್ದರು. ನಿಕಿಯಾಸ್ ಎಂಬ ದಳಪತಿಗೆ ಗಣಿಯಲ್ಲಿ ಸಾವಿರ ಆಳುಗಳಿದ್ದರೆಂದು ಕ್ಸೆನೊಫನ್ ಬರೆದಿದ್ದಾನೆ. ಬಾಡಿಗೆ ಒಬ್ಬನಿಗೆ ದಿನಕ್ಕೆ ಒಂದು ಓಬೊಲ. ಅದು ಸೇರುತ್ತಿದ್ದುದು ಒಡೆಯನಿಗೆ, ಆಳಿಗಲ್ಲ. ಸತ್ತವರ ಸಂಖ್ಯೆಗೆ ಸರಿಯಾಗಿ ಹೊಸ ಆಳುಗಳನ್ನು ತುಂಬಿಕೊಡಬೇಕೆಂಬುದೂ ಕರಾರಿನಲ್ಲಿತ್ತು. ಈ ಬಗೆಯಿಂದ ನಿಕಿಯಾಸನಿಗೆ ವರ್ಷಕ್ಕೆ ಸುಮಾರು ಹತ್ತು ಟ್ಯಾಲೆಂಟ್ ಆದಾಯ.

ಆ ಆಳುಗಳ ಹೆಸರು ಉಳಿದಿರುವುದು ತೀರ ವಿರಳ. ಲಾರಿಯನ್ನಿನಲ್ಲಿ ದೊರೆತ ಒಂದು ಸಮಾಧಿಯ ಕಲ್ಲಿನ ಮೇಲೆ ಅತೋತಾಸ್ ಎಂಬ ಗಣಿಗಾರನ ಹೆಸರಿದೆ. ಕಪ್ಪು ಸಮುದ್ರದ ದಂಡೆಯ ಪಫ್ಲಗೋನಿಯಾ ಅವನ ಊರು. ತನ್ನ ಕಸುಬಿನಲ್ಲಿ ತನಗೆ ಸಮಾನರಿರಲಿಲ್ಲವೆಂದೂ, ತಾನು ಟ್ರಾಯ್ ಯುದ್ಧದಲ್ಲಿ ಮಡಿದ ಅರಸನ ವಂಶದವನೆಂದೂ, ಹುಟ್ಟಿದ ನೆಲದಿಂದ ದೂರದಲ್ಲಿ ಕಣ್ಣುಮುಚ್ಚಿದೆನೆಂದೂ ಆ ಬರಹ ಹೇಳುತ್ತದೆ. ಅವನು ಗುಲಾಮನೋ ಸ್ವತಂತ್ರನೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಓದಿದಾಗ ನಮಗೆ ಮನಸ್ಸು ಕಲಕಿದುದು ಮಾತ್ರ ನಿಜ.

ಮುಂದೆ ಸ್ಪಾರ್ಟಾದೊಡನೆ ದೀರ್ಘವಾದ ಯುದ್ಧ ನಡೆಯಿತು. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸಿನ ನೆಲದಲ್ಲಿಯೇ ಡೆಕೆಲಿಯಾ ಎಂಬಲ್ಲಿ ಕೋಟೆ ಕಟ್ಟಿ ನೆಲೆಯೂರಿದರು. ಹಾಗಾಗಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಒಡೆಯರನ್ನು ಬಿಟ್ಟು ಓಡಿಹೋದರೆಂದು ಥುಸಿಡಿಡೀಸ್ ದಾಖಲಿಸಿದ್ದಾನೆ. ಬಿಡುಗಡೆ ಸಿಕ್ಕಿತೆಂದು ನಾವು ಸಂತೋಷಪಡುವಂತಿಲ್ಲ. ಯುದ್ಧದಲ್ಲಿ ಸಿಕ್ಕ ಆಳುಗಳನ್ನು ನೆರೆಯ ಥೀಬ್ಸ್‌ನವರು ಅಗ್ಗದ ಬೆಲೆಗೆ ಕೊಂಡುಕೊಂಡರಂತೆ. ಅದೇ ವರ್ಷ ಸಿಸಿಲಿಯ ಸಿರಾಕ್ಯೂಸಿನಲ್ಲಿ ಅಥೆನ್ಸಿನ ಸೈನ್ಯ ನುಚ್ಚುನೂರಾಯಿತು. ದಳಪತಿಯಾಗಿದ್ದ ಅದೇ ನಿಕಿಯಾಸ್ ಸೆರೆಸಿಕ್ಕಿ ಹತನಾದ. ಅವನ ಸೈನಿಕರು ಏಳು ಸಾವಿರ ಜನ ಕಲ್ಲಿನ ಗಣಿಗಳಲ್ಲಿ ಬಂದಿಗಳಾದರು, ಅವರಲ್ಲಿ ಅನೇಕರು ಬಿಸಿಲಿಗೂ ಹಸಿವಿಗೂ ಬಲಿಯಾದರು. ಉಳಿದವರಲ್ಲಿ ಬಹಳ ಜನ ಗುಲಾಮರಾಗಿ ಮಾರಾಟವಾದರು.

ಗಣಿ ಬರಿದಾಯಿತು. ಅಥೆನ್ಸಿನವರು ದೇವಿಯ ಚಿನ್ನದ ವಿಗ್ರಹಗಳನ್ನು ಕರಗಿಸಿ ನಾಣ್ಯ ಮಾಡಿದರು. ಕ್ರಿ.ಪೂ. 406ರ ಸುಮಾರಿಗೆ ತಾಮ್ರದ ಬಿಲ್ಲೆಗಳಿಗೆ ಬೆಳ್ಳಿಯ ಲೇಪ ಕೊಟ್ಟು ಅದೇ ಗೂಬೆಯ ಅಚ್ಚು ಹಾಕಿದರು. ಮರುವರ್ಷವೇ ಹಾಸ್ಯ ನಾಟಕಕಾರ ಅರಿಸ್ಟೊಫೇನಿಸ್ ತನ್ನ ‘ಕಪ್ಪೆಗಳು’ ನಾಟಕದಲ್ಲಿ ಇದನ್ನು ಕುಟುಕಿದ: ನಗರವು ಅಪ್ಪಟ ನಾಣ್ಯಗಳನ್ನು ಬಿಟ್ಟು ನಿನ್ನೆ ಮೊನ್ನೆ ಅಚ್ಚಾದ ತಾಮ್ರವನ್ನು ಹಿಡಿದಂತೆ, ಒಳ್ಳೆಯ ಪ್ರಜೆಗಳನ್ನು ಬಿಟ್ಟು ಅಯೋಗ್ಯರನ್ನು ಹಿಡಿದಿದೆ ಎಂಬುದು ಅವನ ಆಕ್ಷೇಪ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಶರಣಾಯಿತು. ಕೆಲವು ವರ್ಷಗಳ ಮೇಲೆ ಆ ತಾಮ್ರವೂ ರದ್ದಾಯಿತು. ಅದರ ಪಾಡನ್ನು ಅದೇ ಕವಿಯ ಇನ್ನೊಂದು ನಾಟಕದಲ್ಲಿ ಒಬ್ಬ ತೋಡಿಕೊಳ್ಳುತ್ತಾನೆ. ದ್ರಾಕ್ಷಿ ಮಾರಿ ದವಡೆಯ ತುಂಬ ತಾಮ್ರದ ಕಾಸು ತುಂಬಿಕೊಂಡು ಹಿಟ್ಟು ಕೊಳ್ಳಲು ಹೋಗಿದ್ದಾನೆ. ಚೀಲ ಹಿಡಿದು ನಿಂತಿರುವಾಗಲೇ ಡಂಗುರದವನು ‘ಇನ್ನು ತಾಮ್ರ ನಡೆಯದು, ಬೆಳ್ಳಿ ಮಾತ್ರ’ ಎಂದು ಸಾರುತ್ತಾನೆ. ಸಣ್ಣ ನಾಣ್ಯಗಳನ್ನು ಬಾಯಲ್ಲಿಟ್ಟುಕೊಂಡು ಪೇಟೆಗೆ ಹೋಗುವುದು ಆ ಜನರ ರೂಢಿ.

ಇಂತಹ ಪೆಟ್ಟು ತಿಂದ ನಗರ ಮತ್ತೆ ಬೆಳ್ಳಿಯನ್ನು ಚಲಾವಣೆಗೆ ತಂದಾಗ ಜನರ ನಂಬಿಕೆಯನ್ನು ಗಳಿಸುವುದು ಹೇಗೆ? ಇದಕ್ಕೆ ಉತ್ತರ 1970ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ದೊರೆತ ಒಂದು ಅಮೃತಶಿಲೆಯ ಶಾಸನದಲ್ಲಿದೆ. ಕ್ರಿ.ಪೂ. 375ರಲ್ಲಿ ನಿಕೊಫನ್ ಎಂಬಾತ ಮಂಡಿಸಿದ ಕಾನೂನು ಅದು. ಅದರ ಪ್ರಕಾರ ಪೇಟೆಯ ಹಣದ ಮೇಜುಗಳ ನಡುವೆ ಒಬ್ಬ ನಾಣ್ಯಪರೀಕ್ಷಕ, ನಮ್ಮ ಮಾತಿನಲ್ಲಿ ಚಿನಿವಾರ, ಕುಳಿತಿರಬೇಕು. ಯಾರು ತಂದರೂ ನಾಣ್ಯವನ್ನು ಪರೀಕ್ಷಿಸಬೇಕು. ಹೊರಗಿನವರು ಅದೇ ಮುದ್ರೆ ಹಾಕಿ ತಂದ ಬೆಳ್ಳಿಯಾದರೆ ತಂದವನಿಗೆ ಮರಳಿಸಬೇಕು. ಒಳಗೆ ತಾಮ್ರವೋ ಸೀಸವೋ ಇದ್ದರೆ, ಇಲ್ಲವೇ ಖೋಟಾ ಆಗಿದ್ದರೆ, ಅಲ್ಲಿಯೇ ಉಳಿಯಿಂದ ಸೀಳಿಹಾಕಿ ದೇವಮಾತೆಯ ಗುಡಿಗೆ ಸೇರಿಸಬೇಕು. ಅವನು ಒಪ್ಪಿದ ನಾಣ್ಯವನ್ನು ವ್ಯಾಪಾರಿ ನಿರಾಕರಿಸಿದರೆ ಆ ದಿನ ಅವನು ಮಾರಲಿಟ್ಟ ಸರಕೆಲ್ಲ ಮುಟ್ಟುಗೋಲು. ಇಂದು ವಸ್ತುಸಂಗ್ರಹಾಲಯಗಳಲ್ಲಿರುವ ಅನೇಕ ಗೂಬೆ ನಾಣ್ಯಗಳ ಮೇಲೆ ಉಳಿಯ ಆಳವಾದ ಕಚ್ಚು ಕಾಣುತ್ತದೆ. ಈಜಿಪ್ಟ್ ಮೊದಲಾದ ದೂರದ ನಾಡಿನವರೂ ಹಾಗೆ ಕಡಿದೇ ನಂಬುತ್ತಿದ್ದರು.

ಹೀಗೆ ದೊಡ್ಡ ವರ್ತಕನ ಸರಕನ್ನೇ ಕಳೆಯುವಂತಹ ಮಾತನ್ನಾಡುತ್ತಿದ್ದ ಈ ಪರೀಕ್ಷಕ ನಗರದ ಒಬ್ಬ ಗುಲಾಮ. ಪ್ರಜಾಸಭೆಯಲ್ಲಿ ಅವನಿಗೆ ಸ್ಥಾನವಿಲ್ಲ, ಆದರೆ ಪೇಟೆಯಲ್ಲಿ ಅವನ ಮಾತೇ ಕಡೆಯದು. ಅವನು ತನ್ನ ಸ್ಥಳದಲ್ಲಿ ಕೂರದಿದ್ದರೆ, ಅಥವಾ ಕಾನೂನಿನಂತೆ ಪರೀಕ್ಷಿಸದಿದ್ದರೆ, ಚಾವಟಿಯಿಂದ ಐವತ್ತು ಏಟು ಹಾಕಬೇಕೆಂದು ಅದೇ ಶಾಸನ ವಿಧಿಸುತ್ತದೆ. ಬಂದರಿನಲ್ಲಿ ಹಡಗಿನವರಿಗೂ ವರ್ತಕರಿಗೂ ಅನುಕೂಲವಾಗಲೆಂದು ಅಲ್ಲಿಗೂ ಇನ್ನೊಬ್ಬ ಪರೀಕ್ಷಕನನ್ನು ನೇಮಿಸಬೇಕು. ನಗರದ ಗುಲಾಮರಲ್ಲಿ ತಕ್ಕವನು ಇದ್ದರೆ ಅವನನ್ನೇ, ಇಲ್ಲದಿದ್ದರೆ ಒಬ್ಬನನ್ನು ಹಣ ಕೊಟ್ಟು ಕೊಂಡು ತರಬೇಕೆಂದೂ ಅದರಲ್ಲಿ ಕೊರೆದಿದ್ದಾರೆ.